ಬ್ಯಾರನ್ನಿನ ಬಾಗಿಲಿಗೊಬ್ಬ ರಾಯಭಾರಿ

ನೀವು ನಂಬುವುದಿಲ್ಲ, ಬಿಡಿ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ನಾಲ್ಕು ದೇಶಗಳಲ್ಲಿ ರಾಯಭಾರಿಯಾಗಿದ್ದ ಮನುಷ್ಯ ನಮ್ಮ ಮನೆಯ ಜಗಲಿಯ ಮೇಲೆ, ನಮ್ಮಪ್ಪನಿಗೆ ಹೆದರಿ, ಮಜ್ಜಿಗೆಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಅಂಗಿಯ ಮೇಲೆ ಚೆಲ್ಲಿಕೊಂಡರು.

ಅವರು ಗಾವಡಗೆರೆ ಪಕ್ಕದ ನಮ್ಮೂರಿನವರೇ. ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ ಹುಟ್ಟಿ, ಮೈಸೂರಿನಲ್ಲಿ ಓದಿ, ವಿದೇಶಾಂಗ ಸೇವೆ ಸೇರಿ, ನಾನು ಭೂಪಟದಲ್ಲಿ ಬೆರಳಿಟ್ಟು ಹುಡುಕುವ ಊರುಗಳಲ್ಲಿ ಬಾಳಿ, ನಿವೃತ್ತರಾದ ಮೇಲೆ ಇಲ್ಲಿಗೇ ಬಂದು ಹತ್ತನೇ ಕ್ಲಾಸಿನ ನಮಗೆ ಸಂಜೆ ಪಾಠ ಹೇಳತೊಡಗಿದರು. ಊರೆಲ್ಲ ಅವರನ್ನು ರಾಯಭಾರಿ ಮೇಷ್ಟ್ರು ಎನ್ನುತ್ತದೆ. ಒಮ್ಮೆ ಯಾವುದೋ ದೇಶದ ಗಲಭೆಯಲ್ಲಿ ನಮ್ಮ ವಿದ್ಯಾರ್ಥಿಗಳಿದ್ದ ಬಸ್ಸನ್ನು ಬಂದೂಕಿನವರು ತಡೆದಾಗ, ಇವರು ಕೆಳಗಿಳಿದು ಆ ಗುಂಪಿನ ನಾಯಕನ ತಾಯಿಯ ಆರೋಗ್ಯ ವಿಚಾರಿಸುತ್ತಾ ಬಸ್ಸು ಬಿಡಿಸಿಕೊಂಡರಂತೆ. ಅವರು ಹೇಳುವಾಗ ಅಲ್ಲಿದ್ದದ್ದು ಎರಡು ಬಂದೂಕು. ನಾನು ಹೇಳುವಾಗ ಇಪ್ಪತ್ತು, ಜೊತೆಗೆ ಒಂದು ಟ್ಯಾಂಕು.

ಈ ಪಾಠಕ್ಕೆ ನನ್ನನ್ನು ಕಳಿಸುವಾಗ ಅಪ್ಪ ಒಂದೇ ಷರತ್ತು ಹಾಕಿದ್ದ: "ಓಗು, ಬ್ಯಾಡ ಅನ್ನಲ್ಲ. ಬ್ಯಾರನ್ ಕೆಲ್ಸಕ್ಕೆ ತೊಂದ್ರೆ ಆಯ್ತೋ, ಅವತ್ತೇ ಪಾಠ ಬಂದ್." ಬ್ಯಾರನ್ ಎಂದರೆ ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ತೂಗುಹಾಕಿ, ಬೆಂಕಿಯ ಬಿಸಿಯಲ್ಲಿ ಹದ ಮಾಡುವ ಎತ್ತರದ ಮನೆ. ಸೊಪ್ಪಿಗೆ ಹಳದಿ ಕೂಡುವ ದಿನಗಳಲ್ಲಿ ಅದರ ಬಾಗಿಲು ತೆಗೆಯುವಂತಿಲ್ಲ. ಬಿಸಿ ಇಳಿದರೆ ಸೊಪ್ಪು ಕಂದು ತಿರುಗುತ್ತದೆ. ಇಣುಕುವುದಾದರೆ ಗೋಡೆಯ ಗಾಜಿನ ಕಿಂಡಿಯಲ್ಲೇ ಇಣುಕಬೇಕು. ನಮ್ಮ ಕಡೆ ಮೂರು ವರ್ಷದ ಮಗುವಿಗೂ ಇದು ಗೊತ್ತು.

ನಮ್ಮ ಬ್ಯಾರನ್ನಿನ ಸೊಪ್ಪು ಹಳದಿ ಕೂಡುತ್ತಿದ್ದ ಸೋಮವಾರ ಅಪ್ಪ ಸೌದೆಗೆಂದು ಹುಣಸೂರಿಗೆ ಹೋಗಿದ್ದ. ಅವರವರ ಮನೆಯ ಕಸುಬನ್ನು ಪರದೇಶದವರಿಗೆ ವಿವರಿಸುವಂತೆ ವಿವರಿಸಿ ಎಂದು ಪಾಠ ಕೊಟ್ಟಿದ್ದ ಮೇಷ್ಟ್ರು ಅಂದು ನಮ್ಮ ಹಿತ್ತಿಲಿಗೆ ಬಂದರು. ಬ್ಯಾರನ್ನಿನ ಒಳಗೆ ನೋಡಿ ನಲವತ್ತು ವರ್ಷವಾಯಿತು ಎಂದು ಆಸೆಯಿಂದ ಹೇಳಿದರು. ಅವರು ಬಾಗಿಲು ತೆಗೆ ಎನ್ನಲಿಲ್ಲ, ತೆಗೆಯಬೇಡ ಎಂದೂ ಅನ್ನಲಿಲ್ಲ. ನಾನು ತೆಗೆದೆ. ತೆಗೆದವಳು ಸುಮ್ಮನೆ ಮುಚ್ಚಿದ್ದರೆ ಬದುಕುತ್ತಿದ್ದೆನೇನೋ. ಕೇಳುವವರು ರಾಯಭಾರಿ ಎಂಬ ಹಮ್ಮಿನಲ್ಲಿ ಬಾಗಿಲನ್ನು ಹಾರುಹೊಡೆದಿಟ್ಟು ಭಾಷಣ ಶುರುಮಾಡಿದೆ. ಭಾಷಣ ಎಷ್ಟು ಚೆನ್ನಾಗಿತ್ತೆಂದರೆ ಮೇಷ್ಟ್ರು ಕೂಡ ಮೈಮರೆತರು. ತಣ್ಣನೆಯ ಗಾಳಿ ಬಂದು ಮೇಲಿನ ಸೊಪ್ಪು ಅಲುಗಾಡಿದಾಗಲೇ ಇಬ್ಬರಿಗೂ ಎಚ್ಚರವಾದದ್ದು. ಸದಾ ಅಚ್ಚುಕಟ್ಟಾದ ಕನ್ನಡ ಆಡುವವರ ಬಾಯಲ್ಲಿ ಆಗ ಹುಟ್ಟೂರು ಹೊರಬಂತು: "ಅಯ್ಯೋ, ಏನ್ ಮಾಡ್ಬುಟ್ವಿ ಕಣವ್ವ."

ಆಮೇಲಿನ ಮೂರು ದಿನ ನಾನು ಕಿಂಡಿಗೆ ಕಣ್ಣಿಟ್ಟೇ ಬದುಕಿದೆ. ಅಪ್ಪ ಕೆಮ್ಮಿದರೂ ಸಾಕು, ಕಿಂಡಿ ಬಿಟ್ಟು ಓಡುತ್ತಿದ್ದೆ. ಬಂದೂಕಿನ ಮುಂದೆ ನಿಂತವರಿಗೆ ನಮ್ಮಪ್ಪ ಯಾವ ಲೆಕ್ಕ ಎಂದುಕೊಂಡಿದ್ದೆ. ಆದರೆ ದಾರಿಯಲ್ಲಿ ಸಿಕ್ಕಾಗಲೆಲ್ಲ ಮೇಷ್ಟ್ರ ಮುಖ ನನ್ನದಕ್ಕಿಂತ ಬಾಡಿರುತ್ತಿತ್ತು. ಯೋಚಿಸಿದರೆ ಸರಿಯೇ ಅನ್ನಿಸುತ್ತದೆ, ಗೆಳೆಯರೇ: ಅಪರಿಚಿತನ ಮುಂದೆ ನಾವು ಯಾರಾದರೂ ಆಗಬಹುದು; ತಪ್ಪು ಮಾಡಿ ನಮ್ಮವರ ಮುಂದೆ ನಿಂತಾಗ ನಾವು ನಾವೇ ಆಗಿರಬೇಕು. ಭಯವೆಂಬುದು ದೂರ ಹೋದಷ್ಟೂ ಸಣ್ಣದಾಗಿ, ಮನೆಗೆ ಹತ್ತಿರವಾದಷ್ಟೂ ಬೆಳೆಯುವ ಪ್ರಾಣಿ.

ಕೆಟ್ಟ ಸುದ್ದಿಯನ್ನು ಎದುರಿನವರು ಕಂಡುಹಿಡಿಯುವ ಮೊದಲು ನಾವೇ ಒಯ್ಯಬೇಕು ಎನ್ನುವುದು ಮೇಷ್ಟ್ರ ಪಾಠ. ಅದರಂತೆ ಗುರುವಾರ ಬೆಳಿಗ್ಗೆ, ಅಪ್ಪ ಆಳುಗಳೊಡನೆ ಬ್ಯಾರನ್ನಿನಿಂದ ಹದವಾದ ಸೊಪ್ಪು ಇಳಿಸುತ್ತಿರುವಾಗ, ಅವರು ಇಸ್ತ್ರಿಯ ಅಂಗಿ ತೊಟ್ಟು ಬಂದು ಜಗಲಿಯಲ್ಲಿ ಕೂತರು. ಹಿತ್ತಿಲಿಗೆ ಹೋಗಿ ಹೇಳುವುದೆಂದು ತೀರ್ಮಾನ. ಅವರು ಏಳಲಿ ಎಂದು ನಾನು ಕಾದೆ, ನಾನು ಏಳಲಿ ಎಂದು ಅವರು ಕಾದರು. ಮಜ್ಜಿಗೆ ಚೆಲ್ಲಿದ್ದು ಆಗಲೇ.

ಅಷ್ಟರಲ್ಲಿ ಅಪ್ಪನೇ ಜಗಲಿಗೆ ಬಂದ. ಕೈಯಲ್ಲಿ ಕಂದು ತಿರುಗಿದ ಒಂದು ಕಡ್ಡಿ ಸೊಪ್ಪು. ಅದನ್ನು ನಮ್ಮ ನಡುವೆ ಇಟ್ಟ.

ಮೇಷ್ಟ್ರು ಎದ್ದು ನಿಂತರು. "ಬಾಗ್ಲು ತೆಗ್ದಿದ್ದು ನಾನು ಕಣ್ ಶಿವಣ್ಣ."

ಸುಮ್ಮನಿದ್ದರೆ ನನ್ನ ಪಾಠ ಉಳಿಯುತ್ತಿತ್ತು. ಸುಮ್ಮನಿರಬೇಕೆಂದೇ ತುಟಿ ಕಚ್ಚಿದೆ. "ಇಲ್ಲ ಕಣಪ್ಪ, ನಾನೇ," ಎಂದು ಬಂದ ಧ್ವನಿ ನನ್ನದೇ ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು.

ಅಪ್ಪ ನನ್ನನ್ನು ನೋಡಿದ, ಮೇಷ್ಟ್ರನ್ನು ನೋಡಿದ, ಅವರ ಅಂಗಿಯ ಮೇಲಿನ ಮಜ್ಜಿಗೆಯನ್ನೂ ನೋಡಿದ.

"ಸಂಜೆ ಪಾಠ ಬಂದ್. ಇಬ್ರೂ ದಿನಾ ಬಂದು ಕೆಟ್ಟಿರೋ ಸೊಪ್ಪ ಬ್ಯಾರೆ ಮಾಡಿ," ಎಂದ. ಮತ್ತೆ ಹಿತ್ತಿಲ ಕಡೆಗೆ ತಿರುಗುತ್ತಾ, "ಕೂತ್ಕಂಡು ಅದೇನ್ ದೇಶದ್ ಮಾತ್ ಆಡ್ಕತೀರೋ ಆಡ್ಕಳಿ ಮೇಷ್ಟ್ರೇ. ಬಾಗ್ಲು ಮಾತ್ರ ಮುಟ್ಬ್ಯಾಡಿ."