ಅತ್ತೆಯ ಕಾಡು, ಅಳಿಯನ ಕಡಲು

ಭಾನುವಾರ ಬೆಳಿಗ್ಗೆ ಡೆಲ್ಮಾಳ ಹಿಂಬಾಗಿಲ ಮೆಟ್ಟಿಲ ಮೇಲೆ ಒದ್ದೆ ಗೋಣಿಚೀಲವೊಂದು ಬಂದು ಕೂತಿರುತ್ತಿತ್ತು. ಒಳಗೆ ಇಕ್ಕಳಗಾಲು ಕಟ್ಟಿದ ಏಡಿಗಳು ಸರಬರ ಎನ್ನುತ್ತಿದ್ದವು. ತಂದಿಡುವವನು ಅಳಿಯ ಕ್ಲಿಫ್ಟನ್. ಚೀಲ ಇಟ್ಟು, 'ಹೊರಟೆ' ಎನ್ನುವ ಗುರುತಿಗೆ ಒಂದು ಸಲ ಕೆಮ್ಮಿ, ತಲೆ ತಗ್ಗಿಸಿ ಹೋಗಿಬಿಡುತ್ತಿದ್ದ. ಕೆಮ್ಮು ಕೇಳಿದ ಡೆಲ್ಮಾ ಒಲೆಯ ಮುಂದೆಯೇ ನಿಂತು, ಗೇಟಿನ ಚಿಲಕದ ಸದ್ದಾಗುವವರೆಗೆ ಕಾದು, ಆಮೇಲೆ ಬಾಗಿಲು ತೆಗೆಯುತ್ತಿದ್ದಳು.

ಮಗಳು ರೆನೀ ಅವನ ಕೈ ಹಿಡಿದಂದಿನಿಂದ ಅತ್ತೆ ಅಳಿಯ ಒಬ್ಬರ ಮುಖ ಒಬ್ಬರು ನೋಡಿದ್ದಿಲ್ಲ, ಒಂದು ಮಾತು ಆಡಿದ್ದಿಲ್ಲ. ಜಗಳವೇನೂ ಇರಲಿಲ್ಲ. ಜಗಳಕ್ಕೆ ಎಡೆಯೇ ಇರಬಾರದೆಂದು ಅವರ ಜನಾಂಗದ ಹಿರಿಯರು ಮಾಡಿಟ್ಟ ಮರ್ಯಾದೆ ಅದು. ಅವನು ಅಂಗಡಿಯ ಒಂದು ಬಾಗಿಲಿಂದ ಒಳಗೆ ಬಂದರೆ ಇವಳು ಇನ್ನೊಂದರಿಂದ ಆಚೆ ಹೋಗುತ್ತಿದ್ದಳು. ಮೊಮ್ಮಕ್ಕಳ ಹುಟ್ಟುಹಬ್ಬಕ್ಕೆ ಅವನು ಅಂಗಳದಲ್ಲಿ ಮೀನು ಸುಡುತ್ತಿದ್ದ, ಇವಳು ಒಳಗೆ ಕೂತು ತಿಂದು, ಉಪ್ಪು ಹದವಾಗಿದೆಯೆಂದು ಮಗಳ ಬಾಯಲ್ಲಿ ಹೇಳಿ ಕಳಿಸುತ್ತಿದ್ದಳು. ಅವನ ಬೆನ್ನು ಅವಳಿಗೆ ಗೊತ್ತು. ಮರಳಿನ ಮೇಲೆ ಅವನ ಹೆಜ್ಜೆ, ಎಡಗಾಲು ಸ್ವಲ್ಪ ಹೊರಕ್ಕೆ ತಿರುಗಿದ್ದು, ಅದೂ ಗೊತ್ತು. ಅಷ್ಟು ಸಾಕಾಗಿತ್ತು.

ಡೆಲ್ಮಾ ಮೊದಲು ಕಡಲದಂಡೆಯ ಹೋಟೆಲೊಂದರಲ್ಲಿ ಬಟ್ಟೆ ಒಗೆಯುವ ಕೆಲಸದಲ್ಲಿದ್ದಳು. ಪ್ರವಾಸಿಗರ ಹಾಸಿಗೆ ಬಟ್ಟೆ ಬಿಸಿ ಬಿಸಿಯಾಗಿ ಯಂತ್ರದಿಂದ ತೆಗೆದು, ಮೂಲೆಗೆ ಮೂಲೆ ಸೇರಿಸಿ ಮಡಚುವುದು. ಒಂದು ದಿನ ಮಡಚಿದ ರಾಶಿಯನ್ನು ಎದೆಗವಚಿಕೊಂಡು ಪಡಸಾಲೆ ದಾಟುವಾಗ, ದಕ್ಷಿಣದ ಪಟ್ಟಣದಿಂದ ಬಂದ ಮಾರ್ಗದರ್ಶಿಯೊಬ್ಬ ಅತಿಥಿಗಳಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. ಈ ಕಾಡಿನಲ್ಲಿ ಹಿಂದೆ ಒಂದು ಮೂಲಜನಾಂಗ ಇತ್ತಂತೆ, ಅವರಿಗೆ ಗಿಡಮರವೆಲ್ಲ ಗೊತ್ತಿತ್ತಂತೆ, ಈಗ ಯಾರೂ ಉಳಿದಿಲ್ಲವಂತೆ. ಡೆಲ್ಮಾ ಬಟ್ಟೆಯ ರಾಶಿಯನ್ನು ಅವನ ಮುಂದಿನ ಮೇಜಿನ ಮೇಲೆ ಇಟ್ಟಳು.

"ನಾನು ಉಳಿದಿದ್ದೀನಿ, ನೋಡ್ಕೋ," ಅಂದಳು. "ನಾಳೆಯಿಂದ ಬಟ್ಟೆ ನೀನೇ ಒಗ್ಕೋ."

ಅಣ್ಣ ಹೆಡ್ಲಿಯ ಬಳಿ ಹೋಗಿ, ನಾವೇ ಪ್ರವಾಸಿಗರನ್ನು ಕಾಡಿಗೆ ಕರೆದುಕೊಂಡು ಹೋಗೋಣ ಎಂದಳು. ಹೆಡ್ಲಿ ನಕ್ಕು, "ಯಾರು ಬರ್ತಾರೆ ನಮ್ಮಿಬ್ಬರ ಮುಖ ನೋಡೋಕೆ?" ಅಂದ. ಬಂದರು. ಬೆಳಿಗ್ಗೆ ಕಡಲ ನೀರಿಳಿದ ಮೇಲೆ ಹೆಡ್ಲಿ ಅವರನ್ನು ಕೆಸರುಬಯಲಿಗೆ ಕರೆದೊಯ್ದು ಈಟಿ ಹಿಡಿಯಲು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಮರಗಳ ಬೇರುಗಳ ನಡುವೆ ಏಡಿಯ ಬಿಲ ಹುಡುಕಲು ಕಲಿಸುತ್ತಿದ್ದ. ಮಧ್ಯಾಹ್ನ ದೊಡ್ಡ ಅತ್ತಿಮರದ ಕೆಳಗೆ ಡೆಲ್ಮಾ ಅವರನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತಿದ್ದಳು. ಹೊಗೆ ಹಾಕಿ, ಬಂದವರು ಯಾರೆಂದು ಗತಿಸಿದ ಹಿರಿಯರಿಗೆ ಕೂಗಿ ಹೇಳಿ, ಆಮೇಲೆಯೇ ಒಳಗೆ ಕಾಲಿಡುವುದು. ನೊರೆ ಬರುವ ಎಲೆಯಲ್ಲಿ ಕೈ ತೊಳೆಸುವುದು, ಮುಟ್ಟಿದರೆ ತಿಂಗಳುಗಟ್ಟಲೆ ಉರಿಯುವ ಎಲೆಯಿಂದ ದೂರ ನಿಲ್ಲಿಸುವುದು, ವಿಷದ ಬೀಜವನ್ನು ಹೆರೆದು ಹೊಳೆಯಲ್ಲಿ ನೆನೆಹಾಕಿ ತಿನ್ನುವಂತೆ ಮಾಡುವುದನ್ನು ತೋರಿಸುವುದು, ಕೊನೆಗೆ ಬೂದಿಯಲ್ಲಿ ಸುಟ್ಟ ರೊಟ್ಟಿ, ಟೀ. ಕಾಡಿನ ಆ ಭಾಗ ಅವಳ ತಾಯಿಯ ಕಡೆಯದು. ಅದರ ಕಥೆ ಹೇಳುವ ಬಾಯಿ ಅವಳದೇ.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಹೆಡ್ಲಿ ದೋಣಿಯಿಂದ ಇಳಿಯುವಾಗ ಜಾರಿ ಸೊಂಟ ಮುರಿದುಕೊಂಡ. ಕೇರ್ನ್ಸ್‌ ಪಟ್ಟಣದ ಆಸ್ಪತ್ರೆಯಲ್ಲಿ ಮಲಗಿಸಿದರು. ಪ್ರವಾಸಿಗರ ಬಸ್ಸು ಕಳಿಸುವ ಕಂಪನಿಯ ಹೀದರ್ ಫೋನು ಮಾಡಿದಳು. ಕೆಟ್ಟವಳಲ್ಲ, ಆದರೆ ಕೈಗಡಿಯಾರ ನೋಡಿಕೊಂಡೇ ಮಾತಾಡುವವಳು. ನಂಟಿಲ್ಲದಿದ್ದರೂ ಊರಿನವರೆಲ್ಲರಂತೆ ಅವಳೂ ಡೆಲ್ಮಾಳನ್ನು ಗೌರವಕ್ಕೆ ಅತ್ತೆ ಎನ್ನುತ್ತಿದ್ದಳು.

"ಡೆಲ್ಮಾ ಅತ್ತೆ, ಕಡಲಿಲ್ಲದೆ ಬರೀ ಕಾಡಿಗೆ ಜನ ಬರಲ್ಲ. ಕೆಸರುಬಯಲಿಗೆ ಯಾರಾದ್ರೂ ಸಿಗ್ತಾರಾ? ಇಲ್ಲಾಂದ್ರೆ ಬಸ್ಸನ್ನ ಹೋಟೆಲಿನವರು ಕಾಡಲ್ಲಿ ಹಾಕಿರೋ ಹಲಗೆದಾರಿಗೆ ತಿರುಗಿಸ್ಬೇಕಾಗುತ್ತೆ."

ಆ ಕೆಸರುಬಯಲನ್ನು ಅಂಗೈಯಂತೆ ಬಲ್ಲವನು, ಅಲ್ಲಿ ಈಟಿ ಎತ್ತಲು ಹಕ್ಕಿದ್ದವನು, ಇನ್ನೊಬ್ಬನೇ ಇದ್ದ. ಕ್ಲಿಫ್ಟನ್.

ರೆನೀ ನಡುವೆ ನಿಂತು ಏರ್ಪಾಟು ಮಾಡಿದಳು. ಕ್ಲಿಫ್ಟನ್ ಜನರನ್ನು ಅತ್ತಿಮರದ ಕೆಳಗೆ ಉರುಳಿದ ದಿಮ್ಮಿಯ ಮೇಲೆ ಕೂರಿಸಿ ಹೋಗುವುದು, ಅವನು ಹೋದ ಮೇಲೆ ಅಮ್ಮ ಬರುವುದು. ಕೇಳಲು ಸುಲಭವಾಗಿತ್ತು. ರೆನೀಗೆ ಊರಿನ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ. ಬಸ್ಸಿನ ದಿನ ಅವಳು ಬರುವಂತಿರಲಿಲ್ಲ.

ಮೊದಲ ದಿನ ಕ್ಲಿಫ್ಟನ್ ಜನರನ್ನು ತಂದು ಕೂರಿಸಿದ. ಉರಿಯುವ ಎಲೆಯ ಗಿಡ ಅಲ್ಲೇ ಮಾರುದೂರದಲ್ಲಿತ್ತು. ಹೊಸಬರನ್ನು ಹಾಗೆ ಬಿಟ್ಟು ಹೋಗಲು ಅವನಿಗೆ ಮನಸ್ಸಾಗಲಿಲ್ಲ. ಅತ್ತೆ ಬಂದ ಸದ್ದು ಕೇಳಲಿ, ಆಮೇಲೆ ಹೊರಡೋಣವೆಂದು ಕಾಂಡ್ಲಾ ಮರೆಗೆ ಸರಿದು ನಿಂತ. ಹೊರಡದೆ ಕೆಮ್ಮುವಂತಿಲ್ಲವಲ್ಲ, ಕೆಮ್ಮು ಬಂದರೂ ನುಂಗಿಕೊಂಡ. ಅತ್ತ ಅತ್ತಿಮರದ ಹಿಂದೆ, ಹಲಗೆಯಂತೆ ಎದ್ದ ಬೇರಿನ ಮರೆಯಲ್ಲಿ, ಡೆಲ್ಮಾ ಹೊಗೆಯ ಸೊಪ್ಪು ಹಿಡಿದು ನಿಂತಿದ್ದಳು. ಕೆಮ್ಮು ಕೇಳದೆ ಹೊರಗೆ ಬರುವುದು ಹೇಗೆ? ಅಳಿಯ ಇನ್ನೂ ಅಲ್ಲೇ ಇದ್ದಾನೆ ಎಂದುಕೊಂಡಳು. ಅದು ನಿಜವೂ ಆಗಿತ್ತು.

ದಿಮ್ಮಿಯ ಮೇಲೆ ಕೂತವರು ಮೊದಲು ಫೋಟೋ ತೆಗೆದರು. ಆಮೇಲೆ ಬಿಸ್ಕತ್ತು ತಿಂದರು. ಒಬ್ಬಾಕೆ ಕಾಲುಚೀಲದೊಳಗೆ ಇಂಬಳ ಸೇರಿದ್ದು ಕಂಡು ಕಿರುಚಿದಳು. ಕಿರುಚಾಟ ಕೇಳಿ ಇಬ್ಬರೂ ಒಂದೊಂದು ಹೆಜ್ಜೆ ಮುಂದಿಟ್ಟರು, ಇನ್ನೊಬ್ಬರ ಎಲೆ ಸದ್ದು ಕೇಳಿ ಇಬ್ಬರೂ ಹಿಂದೆ ಸರಿದರು. ಕೊನೆಗೆ ಜನ ಬೇಸತ್ತು ಎದ್ದು, ಬಂದ ದಾರಿ ಹಿಡಿದು ಬಸ್ಸಿಗೆ ಹೋಗಿ ಕೂತರು. ಸಂಜೆ ಹೀದರ್‌ಗೆ ದೂರು ಹೋಯಿತು. ಕಾಡಿನ ನಡುವೆ ತಮ್ಮನ್ನು ಬಿಟ್ಟು ಮಾರ್ಗದರ್ಶಿಗಳಿಬ್ಬರೂ ಓಡಿಹೋದರು ಎಂದು.

"ಇನ್ನೊಂದೇ ಸಲ ಕಳಿಸ್ತೀನಿ," ಅಂದಳು ಹೀದರ್ ಫೋನಿನಲ್ಲಿ. "ನಾನೇ ಜೊತೆಗೆ ಬರ್ತೀನಿ. ಅವತ್ತೂ ಹೀಗಾದ್ರೆ ಮುಗೀತು ಅತ್ತೆ, ನನ್ನನ್ನ ಬೈಕೋಬೇಡಿ."

ರೆನೀ ತಲೆ ಚಚ್ಚಿಕೊಂಡಳು. "ಅಮ್ಮಾ, ಎರಡು ಮಾತಾಡಿದ್ರೆ ಆಕಾಶ ಕಳಚಿ ಬೀಳುತ್ತಾ? ಈಗೆಲ್ಲ ಮಾತಾಡ್ತಾರೆ. ಆ ಪರ್ಲ್ ಚಿಕ್ಕಮ್ಮ ಅಳಿಯನ ಕಾರಲ್ಲಿ ಮುಂದಿನ ಸೀಟಲ್ಲೇ ಕೂತ್ಕೊಂಡು, ಅವನಿಗೇ ಗೇರು ಹೇಳಿಕೊಡ್ತಾ ಹೋಗ್ತಾಳೆ."

"ಹೋಗ್ಲಿ. ಪರ್ಲ್ ಜನರನ್ನ ಕಾಡಲ್ಲಿ ನಿಲ್ಲಿಸ್ಕೊಂಡು ಈ ನೆಲದ ಕಟ್ಟಳೆ ಇನ್ನೂ ಬದುಕಿದೆ ಅಂತ ಹೇಳಲ್ಲ. ನಾನು ಹೇಳ್ತೀನಿ. ಮರದ ಈ ಕಡೆ ಹಾಗೆ ಹೇಳಿ, ಆ ಕಡೆ ಹೋಗಿ ಅಳಿಯನ ಹತ್ರ ಹರಟೆ ಹೊಡೀಲಾ?"

"ಹಾಗಾದ್ರೆ ಬಸ್ಸು ಬಿಟ್ಬಿಡು."

"ಬಸ್ಸೂ ಬಿಡಲ್ಲ," ಅಂದಳು ಡೆಲ್ಮಾ. "ಬಿಟ್ರೆ ಹಲಗೆದಾರೀಲಿ ಇನ್ಯಾವನೋ ನಿಂತ್ಕೊಂಡು ನಾವು ಸತ್ತುಹೋದ್ವಿ ಅಂತಾನೆ."

ಹೆಡ್ಲಿ ಆಸ್ಪತ್ರೆಯಿಂದ ಫೋನಿನಲ್ಲಿ ಎಲ್ಲ ಕೇಳಿ, ನಕ್ಕರೆ ಸೊಂಟ ನೋಯುವುದೆಂದು ಬೈದುಕೊಂಡೇ ನಕ್ಕ. "ನನ್ನ ಸೊಂಟ ಮುರೀತು ಅಂತ ನೀನು ಮರ್ಯಾದೆ ಮುರೀಬೇಡ ಕಣೇ. ಅಲ್ಲ, ಕೂತಿದ್ದವರಿಗೆ ಯಾಕೆ ಹೇಳ್ಲಿಲ್ಲ ನೀವು?"

ಡೆಲ್ಮಾ ಆ ಮಾತನ್ನು ಮನಸ್ಸಿನಲ್ಲಿ ಹೊರಳಿಸಿದಳು. ನೊರೆ ಎಲೆಯನ್ನು ಹೇಳಿಕೊಡುತ್ತಿದ್ದಳು, ಬೀಜವನ್ನು ಹೇಳಿಕೊಡುತ್ತಿದ್ದಳು. ಅತ್ತೆ ಅಳಿಯನ ಸಂಗತಿ ಮನೆಯ ಮಾತು, ಹೊರಗಿನವರ ಮುಂದೆ ಯಾಕೆ ಎಂದು ಬಚ್ಚಿಟ್ಟಿದ್ದಳು. ಈಗ ಯೋಚಿಸಿದರೆ ಅದೂ ಈ ನೆಲದ್ದೇ, ಆ ಬೀಜದಷ್ಟೇ ಹಳೆಯದು. ನಾಚಿಕೆ ಪಡುವಂಥದ್ದು ಅದರಲ್ಲೇನಿದೆ? ರೆನೀಯನ್ನು ಕರೆದಳು. "ನಿನ್ನ ಗಂಡನಿಗೆ ಹೇಳು. ಬೆಳಿಗ್ಗೆ ಈಟಿ ಕೊಡೋಕೆ ಮೊದ್ಲೇ ಜನರಿಗೆ ಎಲ್ಲಾ ಬಿಡಿಸಿ ಹೇಳ್ಲಿ. ಮರದ ಹತ್ರ ಬಂದ್ಮೇಲೆ ಅವರಲ್ಲೇ ಯಾರಾದ್ರೂ ಮಾತು ದಾಟಿಸ್ತಾರೆ."

ಎರಡನೆಯ ಸಲ ಬಸ್ಸು ಬಂತು. ಡೆಲ್ಮಾ ಬೇರಿನ ಮರೆಯಲ್ಲಿ ಸೊಪ್ಪಿಗೆ ಕಿಚ್ಚು ಹಾಕಿಕೊಂಡು ಕೂತಿದ್ದಳು. ಮಧ್ಯಾಹ್ನ ಕಾಂಡ್ಲಾ ಕಡೆಯಿಂದ ಜನರ ಮಾತು, ಕೆಸರು ಹಿಡಿದ ಚಪ್ಪಲಿಗಳ ಪಚಪಚ ಕೇಳಿಸಿತು. ಆಮೇಲೆ ಕ್ಲಿಫ್ಟನ್‌ನ ಧ್ವನಿ.

"ನನ್ನ ಹೆಂಡ್ತಿಯ ತಾಯಿ ಆ ಬೇರಿನ ಹಿಂದೆ ಇದ್ದಾರೆ. ನಾನು ಇಲ್ಲೇ, ಬೆನ್ನು ತಿರುಗಿಸಿ ನಿಲ್ತೀನಿ. ಮಾತು ದಾಟಿಸೋಕೆ ಯಾರು ಹೋಗ್ತೀರಾ?"

ಎದ್ದವಳು ಹೀದರ್. ಬೇಗ ಮುಗಿಯಲಿ ಎಂದು ಅವಳಿಗೆ. ಬೇರು ಸುತ್ತಿ ಬಂದು, "ಅತ್ತೆ, ಒಬ್ಬರ ಕಾಲಿಗೆ ಚಿಪ್ಪು ಕೊಯ್ದಿದೆಯಂತೆ, ನಿಧಾನಕ್ಕೆ ನಡೆಸ್ಬೇಕಂತೆ," ಅಂದಳು.

"ಯಾವ ಕಾಲು? ಬೆರಳೋ ಹಿಮ್ಮಡಿಯೋ? ಉಪ್ಪುನೀರಲ್ಲಿ ತೊಳೆದಿದ್ದಾನಾ?"

ಹೀದರ್ ಹಿಂದಕ್ಕೆ ಹೋದಳು. "ಹಿಮ್ಮಡಿಯಂತೆ. ತೊಳೆದಿದ್ದಾನಂತೆ."

"ಕೆಸರು ಒಳಗೆ ಉಳಿದಿಲ್ಲ ತಾನೇ? ಕೇಳ್ಕೊಂಡು ಬಾ."

ದಿಮ್ಮಿಯ ಮೇಲೆ ಯಾರೋ ಕಿಸಕ್ಕೆಂದರು. ಹಿಮ್ಮಡಿ ಕೊಯ್ದುಕೊಂಡ ಮುದುಕ ಕಾಲು ಎತ್ತಿ, "ನಾನೇ ಹೋಗಿ ತೋರಿಸಿದ್ರೆ ಆಗಲ್ವಾ?" ಅಂದ. ಪಕ್ಕದಲ್ಲಿದ್ದ ಹೆಂಡತಿ, "ಸುಮ್ನಿರಿ, ಆಕೆಗೂ ಸ್ವಲ್ಪ ನಡಿಗೆ ಆಗ್ಲಿ," ಎಂದು ಅವನನ್ನು ಕೂರಿಸಿದಳು.

ಮೂರನೆಯ ಸಲ ಬೇರು ಸುತ್ತುವಾಗ ಹೀದರ್ ಎಡವಿ ಮೊಣಕಾಲೂರಿದಳು. ಎದ್ದು ಮಣ್ಣು ಕೊಡವಿ, ನೆತ್ತಿಯಿಂದ ಇಳಿಯುವ ಬೆವರು ಒರೆಸಿಕೊಂಡು, ಹಿಂದಿರುಗಿ ಕ್ಲಿಫ್ಟನ್‌ನ ಎದುರು ನಿಂತಳು.

"ನೋಡಪ್ಪಾ, ಇದು ಆಗೋ ಹೋಗೋ ಕೆಲಸವಲ್ಲ. ನೀನು ಚೆನ್ನಾಗಿ ಮಾತಾಡ್ತೀಯ, ಜನಕ್ಕೆ ಹಿಡಿಸ್ತೀಯ. ಕಾಡನ್ನೂ ನೀನೇ ತೋರಿಸು. ಹೇಳೋದೆಲ್ಲ ನಿನ್ನ ಹೆಂಡ್ತಿ ಹೇಳಿಕೊಡ್ತಾಳೆ. ಇಡೀ ದಿನ ನಿನಗೇ ಕೊಡ್ತೀನಿ. ಡೆಲ್ಮಾ ಅತ್ತೆ ಮನೇಲಿ ಆರಾಮಾಗಿರ್ಲಿ."

ಬೇರಿನ ಹಿಂದೆ ಡೆಲ್ಮಾಳ ಕೈಯ ಸೊಪ್ಪು ನೆಲಕ್ಕಿಳಿಯಿತು. ಅವನು ಹೂಂ ಎಂದರೆ ಮುಗಿಯಿತು. ಮೂರು ಮಕ್ಕಳಿರುವವನು, ದೋಣಿಯ ಇಂಜಿನು ಕೆಟ್ಟು ಕೂತಿದೆ, ಹೂಂ ಅಂದರೆ ಬೈಯುವವರೂ ಯಾರಿಲ್ಲ. ಎದ್ದುಹೋಗಿ ಎದುರು ನಿಂತು ಕೇಳೋಣವೆನ್ನಿಸಿ ಮಂಡಿಗಳು ತಾವಾಗಿ ನೆಟ್ಟಗಾದವು. ಅವಳು ಬೇರನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೆ ಕೂತಳು.

ಕ್ಲಿಫ್ಟನ್ ಧ್ವನಿ ಏರಿಸದೆ ಹೇಳಿದ.

"ನಾನು ಈ ಮರದಿಂದಾಚೆ ಬಾಯಿ ತೆರೆದ್ರೆ ಕಳ್ಳ ಆಗ್ತೀನಿ. ಕಾಡಿನ ಮಾತು ನನ್ನದಲ್ಲ, ನನ್ನ ಹೆಂಡ್ತಿಯದೂ ಅಲ್ಲ, ಅವಳಮ್ಮ ಇನ್ನೂ ಅದನ್ನ ಅವಳಿಗೆ ಕೊಟ್ಟಿಲ್ಲ. ಆ ಮಾತು ಇರೋ ಬಾಯಿ ಬೇರಿನ ಹಿಂದಿದೆ. ಅವರಿಲ್ದೇ ಕಾಡಿಲ್ಲ, ಕಾಡಿಲ್ದೇ ನನ್ನ ಕಡಲೂ ಇಲ್ಲ. ಎರಡೂ ಬೇಕಾದ್ರೆ ಇಬ್ಬರನ್ನೂ ಇಟ್ಕೊಳ್ಳಿ. ಹೋಗಿ ಹೇಳಿ ಅವರಿಗೆ, ನಾನು ಹೀಗಂದೆ ಅಂತ."

ಇಷ್ಟು ವರ್ಷದಲ್ಲಿ ಅವನು ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ಡೆಲ್ಮಾ ಕೇಳಿದ್ದು ಅದೇ ಮೊದಲು. ಹೀದರ್ ಬೇರು ಸುತ್ತಿ ಬಂದಳು. ಹೇಳಬೇಕಾದ್ದನ್ನು ಡೆಲ್ಮಾ ಕೇಳಿಸಿಕೊಂಡಿದ್ದಾಳೆಂದು ಅವಳಿಗೂ ಗೊತ್ತಿತ್ತು. ಆದರೂ ಡೆಲ್ಮಾ ಕಾದಳು. ಬೇರೆ ದಾರಿ ಕಾಣದೆ ಹೀದರ್ ಮೊದಲಿಂದ ಕೊನೆಯವರೆಗೆ ಒಪ್ಪಿಸಿದಳು. ಅರ್ಧಕ್ಕೆ ಬಂದಾಗ ಅವಳ ಧ್ವನಿ ಮೆತ್ತಗಾಗಿತ್ತು. 'ಕಳ್ಳ' ಎಂಬಲ್ಲಿ ಕಣ್ಣು ತಗ್ಗಿಸಿದಳು. ಕೈಗಡಿಯಾರದ ಕಡೆ ನೋಡಲಿಲ್ಲ.

"ಕೇಳಿದೆ," ಅಂದಳು ಡೆಲ್ಮಾ. "ಈಗ ನನ್ನ ಮಾತು ತಗೊಂಡು ಹೋಗು. ನನ್ನ ಮಗಳ ಗಂಡನಿಗೆ ಹೇಳು, ಅವನು ನಿಂತಿರೋ ಕಡೆ ನಾನೂ ನಿಂತಿದ್ದೀನಿ ಅಂತ. ಅದು ಅವನಿಗೆ. ಇನ್ನು ನಿನಗೆ. ಬಸ್ಸು ಕಳಿಸೋದು ಬಿಡೋದು ನಿನ್ನಿಷ್ಟ. ಬಿಟ್ರೆ ನಾಳೆ ನಾನು ನಡ್ಕೊಂಡು ಟೌನಿಗೆ ಹೋಗಿ, ಚೌಕದಲ್ಲಿ ನಿಂತು ಜನರನ್ನ ಕೂಗಿ ಕರ್ಕೊಂಡು ಬರ್ತೀನಿ. ನನಗೆ ಗಂಟಲಿದೆ. ಕಳಿಸೋದಾದ್ರೆ, ಪ್ರತಿ ಬಸ್ಸಲ್ಲೂ ನಮ್ಮಿಬ್ಬರ ನಡುವೆ ನಿಂತು ಮಾತು ದಾಟಿಸೋಕೆ ಒಬ್ಬರು ಬೇಕು. ಅದಿಲ್ದೇ ನಾವಿಬ್ಬರೂ ಬರಲ್ಲ."

ಹೀದರ್ ಮೊದಲ ಮಾತನ್ನು ಒಯ್ದು ಮುಟ್ಟಿಸಿದಳು. ಆ ಕಡೆಯಿಂದ ಒಂದು ಕೆಮ್ಮು ಕೇಳಿಸಿತು, ಎಡಗಾಲು ಹೊರಕ್ಕೆ ಹಾಕುವವನ ನಡಿಗೆ ಕಾಂಡ್ಲಾ ಕಡೆಗೆ ಇಳಿದುಹೋಯಿತು. ಡೆಲ್ಮಾ ಹೊರಗೆ ಬಂದಳು. ದಿಮ್ಮಿಯ ಮೇಲಿದ್ದವರೆಲ್ಲ, ಯಾರೂ ಹೇಳದೆಯೇ, ಎದ್ದು ನಿಂತರು. ಅವಳು ಒಬ್ಬೊಬ್ಬರ ಸುತ್ತಲೂ ಹೊಗೆ ಆಡಿಸಿ, ಊರು ಹೆಸರು ಕೇಳಿ, ಕಾಡಿನ ಕಡೆಗೆ ತಿರುಗಿ ಕೂಗಿ ಹೇಳಿದಳು. ಕೊನೆಗೆ ಹೀದರ್ ನಿಂತಿದ್ದಳು.

"ನನಗೂನಾ ಅತ್ತೆ?"

"ನೀನು ಒಳಗೆ ಬರಲ್ವಾ?"

"ಆಫೀಸಿಗೆ ಹೋಗ್ಬೇಕಿತ್ತು," ಎನ್ನುತ್ತಲೇ ಹೀದರ್ ಹೊಗೆಗೆ ಮುಖ ಒಡ್ಡಿದಳು.

ಬಸ್ಸು ಬರುವುದು ನಿಲ್ಲಲಿಲ್ಲ. ನಡುವೆ ನಿಲ್ಲುವುದಕ್ಕೆ ಬೇರೆ ಜನರನ್ನು ಕಂಪನಿ ಕೊಡಲಿಲ್ಲ, ಬಸ್ಸು ಓಡಿಸುವ ಕೋಸ್ಟಾನ ತಲೆಗೇ ಕಟ್ಟಿತು. ಕೋಸ್ಟಾ ದಪ್ಪ ಆಸಾಮಿ, ಮೊದಲ ವಾರ ಗೊಣಗಿದ. ಎರಡನೆಯ ವಾರಕ್ಕೆ ಬೇರಿನ ಬಳಿ ತನಗೊಂದು ಮಡಿಸುವ ಕುರ್ಚಿ ತಂದಿಟ್ಟುಕೊಂಡ. ಈಗ ಆ ಕೆಲಸ ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ. ಬಂದವರು ಯಾರಾದರೂ ನಾನು ದಾಟಿಸುತ್ತೇನೆಂದು ಎದ್ದರೆ, "ಕೂತ್ಕೊಳ್ಳಿ, ನಿಮಗೆ ಬರಲ್ಲ," ಎಂದು ಗದರುತ್ತಾನೆ. ಆಚೆ ಒಂದು ಮಾತು ಕೇಳಿ, ತಲೆದೂಗಿ, ಹೊಟ್ಟೆ ಹೊತ್ತುಕೊಂಡು ಬೇರು ಸುತ್ತಿ ಬಂದು, ಡೆಲ್ಮಾಳ ಮುಂದೆ ಟೋಪಿ ತೆಗೆದು ಹೇಳುತ್ತಾನೆ:

"ಅತ್ತೆ, ಇವತ್ತು ಗಾಳಿ ಜೋರಿದೆಯಂತೆ. ಮೇಲಿನ ದಾರಿ ಹಿಡೀರಿ ಅಂತ ಹೇಳೋಕೆ ಹೇಳಿದ."

"ಯಾವ ಕಡೆ ಗಾಳಿ?" ಅನ್ನುತ್ತಾಳೆ ಡೆಲ್ಮಾ.

ಕೋಸ್ಟಾ ನಿಟ್ಟುಸಿರು ಬಿಟ್ಟು, ಟೋಪಿ ಹಾಕಿಕೊಂಡು, ಕೇಳಿಬರಲು ಹೊರಡುತ್ತಾನೆ.