ಎರಡು ಮದರ್‌ಬೋರ್ಡಿನ ತಿಮ್ಮರಾಜು

ಪಾಂಡವಪುರದ ಬಸ್ ನಿಲ್ದಾಣದ ಎದುರು ಕಂಪ್ಯೂಟರ್ ಜಾತಕದ ಅಂಗಡಿ ಇಟ್ಟಿದ್ದ ತಿಮ್ಮರಾಜು ಬಾಯಿ ತೆರೆದರೆ ಮದರ್‌ಬೋರ್ಡಿನದೇ ಮಾತು. ತೊಂಬತ್ತೇಳರಲ್ಲಿ ಮೈಸೂರಿನಿಂದ ಹೊಸ ಬೋರ್ಡು ತಂದು ಒಂದು ಕಂಪ್ಯೂಟರ್ ಪೆಟ್ಟಿಗೆಯೊಳಗೆ ಕೂರಿಸಿದ ಮೇಲಂತೂ ಅವನನ್ನು ಹಿಡಿಯುವವರೇ ಇರಲಿಲ್ಲ. ಹಳೆಯ ಪೆಟ್ಟಿಗೆಯನ್ನೂ ಪಕ್ಕದಲ್ಲೇ ಉಳಿಸಿಕೊಂಡಿದ್ದ. ಹೊಸದರ ಹಿರಿಮೆ ಹೇಳಲು ಒಂದು ಬಡಪಾಯಿ ಬೇಕಲ್ಲ! ಅರ್ಜಿ ಟೈಪು ಮಾಡಲಿ, ಲಗ್ನಪತ್ರಿಕೆ ತೆಗೆಯಲಿ, ಎರಡರಲ್ಲೂ ಓಡಿಸಿ ತೋರಿಸುವನು. ಹೊಸದು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸುತ್ತಿತ್ತು. ಹಳೆಯದಕ್ಕೆ ಜಾತಕ ಹಾಕಿದರೆ, ಹೋಟೆಲಿನಿಂದ ಟೀ ಬಂದು, ಕುಡಿದು, ಲೋಟ ವಾಪಸ್ಸು ಹೋದರೂ ಗ್ರಹಗಳು ತಮ್ಮ ತಮ್ಮ ಮನೆ ಸೇರಿರುತ್ತಿರಲಿಲ್ಲ.

“ಅದು ಎತ್ತಿನ ಗಾಡಿ ಕಣ್ರಪ್ಪ. ಅದ್ರಲ್ಲಿ ಜಾತ್ಕ ಬರೋ ಹೊತ್ಗೆ ಎಣ್ಣು ಮುದ್ಕಿ ಆಗೋಯ್ತಾಳೆ!” ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಅಂಥವನ ಮಗಳು ಶ್ವೇತಳನ್ನು ನಾಗಮಂಗಲದ ಕಡೆಯ ಹುಡುಗನೊಬ್ಬ ನೋಡಿ ಒಪ್ಪಿದ. ಅವಳೂ ಒಪ್ಪಿದಳು. ಮಗಳು ಅಷ್ಟು ನಗುನಗುತ್ತಾ ಓಡಾಡಿದ್ದನ್ನು ಅಪ್ಪ ಎಂದೂ ಕಂಡಿರಲಿಲ್ಲ. ಇನ್ನು ಜಾತಕ ಕೂಡಿದರೆ ಸಾಕಿತ್ತು. ಆಸೆ ತಡೆಯದೆ ತಿಮ್ಮರಾಜು ಮುಂಚೆಯೇ ಹೊಸದರಲ್ಲಿ ಹಾಕಿ ನೋಡಿದ. ಕಣ್ಣು ಮಿಟುಕಿಸುವಷ್ಟರಲ್ಲಿ ‘ಹೊಂದಾಣಿಕೆ ಇಲ್ಲ’ ಎಂದು ಬಂತು.

ಹೊಸದೇ ಮೇಲೆಂದು ಊರಿಗೆಲ್ಲ ಸಾರಿದ್ದ ಬಾಯಲ್ಲೇ, ಈ ಹಾಳು ಅವಸರದ್ದು ಏನು ಬಲ್ಲದು ಎಂದು ಬೈದ. ಹಳೆಯದರಲ್ಲೂ ಅದೇ ಉತ್ತರ ಬರುವುದೆಂದು ಗೊತ್ತಿತ್ತು. ಎರಡಕ್ಕೂ ತುಂಬಿದ್ದು ಒಂದೇ ಫ್ಲಾಪಿಯ ಜ್ಯೋತಿಷ್ಯ. ಆದರೆ ದಿನಾ ಮಧ್ಯಾಹ್ನ ಮೂರಕ್ಕೆ ಕರೆಂಟು ಹೋಗುವುದೂ ಗೊತ್ತಿತ್ತು. ಹಳೆಯದು ಏದುಸಿರು ಬಿಡುತ್ತಿರುವಾಗಲೇ ಕರೆಂಟು ಹೋದರೆ, ಜಾತಕ ಇನ್ನೊಮ್ಮೆ ನೋಡೋಣ, ಈಗ ತಾಂಬೂಲ ಬದಲಾಯಿಸಿಬಿಡೋಣ ಎನ್ನಬಹುದಲ್ಲ!

ಹುಡುಗನ ತಂದೆ ಚಿಕ್ಕಸ್ವಾಮಿ ಬೆಳಿಗ್ಗೆಯೇ ಬಂದರು. ಊಟ, ಎಲೆಅಡಿಕೆ, ಕಬ್ಬಿನ ಮಾತು ಎಂದು ಎಳೆದೆಳೆದು, ಮೂರಾಗುತ್ತ ಬಂದಾಗ ತಿಮ್ಮರಾಜು ಅವರನ್ನು ಮನೆಯಿಂದ ಅಂಗಡಿಗೆ ಕರೆತಂದ. ದೇವರ ಪಟದ ಮುಂದೆ ಉರಿಯುತ್ತಿದ್ದ ಕೆಂಪು ಬಲ್ಬಿಗೆ ಕೈಮುಗಿದು, ಹಳೆಯದಕ್ಕೆ ಜಾತಕ ಹಾಕಿದ.

“ಹೊಸದ್ರಲ್ಲಿ ಬ್ಯಾಡ್ವಾ? ಬೋ ಜೋರಂತಲ್ಲ?” ಎಂದರು ಚಿಕ್ಕಸ್ವಾಮಿ.

“ಅದು ಅರ್ಜಿಗೆ ಸರಿ ಬೀಗ್ರೇ. ಮದ್ವೆ ಅಂದ್ಮೇಲೆ ನಿಧಾನ್ವಾಗಿ ಯೋಚ್ನೆ ಮಾಡ್ಬೇಕು. ಇದು ಇರೀಕ.”

ಟೀ ಬಂತು. ತೆರೆಯ ಮೇಲೆ ಗುರು ಬಂದ, ಶನಿ ಬಂದ. ಅಷ್ಟರಲ್ಲಿ ಕರೆಂಟು ಹೋಯಿತು. ತಿಮ್ಮರಾಜು ಒಳಗೊಳಗೇ ಉಬ್ಬಿ ತಾಂಬೂಲದ ಮಾತೆತ್ತಬೇಕೆನ್ನುವಾಗ ನೋಡಿದರೆ, ಚಿಕ್ಕಸ್ವಾಮಿಯ ಕಣ್ಣು ದೇವರ ಪಟದ ಮೇಲಿತ್ತು.

“ಮಕ್ಳ ಜಾತ್ಕ ಕೇಳೋ ಹೊತ್ಗೆ ದೇವ್ರ ಮುಂದ್ಲ ದೀಪ ಆರೋಯ್ತಲ್ಲ. ಇದ್ಕಿಂತ ಇನ್ನೇನ್ ಹೇಳ್ಬೇಕು?” ಎಂದು ಅವರು ಎದ್ದರು.

“ಅಯ್ಯೋ ಬೀಗ್ರೇ, ದಿನಾ ಇದೇ ಹೊತ್ಗೇ ಹೋಯ್ತದೆ!”

ಚಿಕ್ಕಸ್ವಾಮಿ ಟವೆಲು ಹೆಗಲಿಗೇರಿಸಿ ತಿರುಗಿ ನೋಡಿದರು.

“ಗೊತ್ತಿದ್ದೂ ಇದೇ ಹೊತ್ಗೆ ಯಾಕ್ ಹಾಕುದ್ರಿ?”

ಮನೆಯಲ್ಲಿ ಶ್ವೇತ ತಾಂಬೂಲದ ತಟ್ಟೆ ಜೋಡಿಸಿಟ್ಟುಕೊಂಡು ಕಾಯುತ್ತಿದ್ದಳು.