ಮುಕರ್ರಂ ಅಂಗಡಿಯ ಹಳೇ ಆಟ

ನಮ್ಮಪ್ಪ ಮೌನಪ್ಪ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವವನು. ಇಪ್ಪತ್ತೆಂಟು ವರ್ಷದಿಂದ ಮಾನ್ವಿ, ಕವಿತಾಳದ ಕಡೆಯ ಬಸ್ಸುಗಳನ್ನು ನಡುದಾರಿಯಲ್ಲಿ ಕೈ ಅಡ್ಡ ಹಿಡಿದು ನಿಲ್ಲಿಸುತ್ತಿದ್ದಾನೆ. ಹತ್ತಿದವನು ಮೊದಲು ಟಿಕೆಟ್ ನೋಡುವುದಿಲ್ಲ, ಮುಖ ನೋಡುತ್ತಾನೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅವನ ಸಂಶಯಕ್ಕೆ ಅರ್ಧ ಕೆಲಸ ತಪ್ಪಿತು. ಆ ಅರ್ಧವನ್ನು ಅವನು ಮನೆಗೆ ತಂದ.

ನಾನು, ಅವನ ಮಗಳು ಸಂಘಮಿತ್ರಾ, ಮಾನ್ವಿಯ ಒಂದು ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತೇನೆ. ಸಂಜೆ ತಡವಾಗಿ ಬಂದರೆ ಅಪ್ಪ ಬಾಗಿಲಲ್ಲಿ ಒಂದು ಸಲ, ಚಹಾ ಕುಡಿಯುವಾಗ ಒಂದು ಸಲ, ಊಟಕ್ಕೆ ಕೂತಾಗ ಮತ್ತೊಂದು ಸಲ ಅದೇ ಪ್ರಶ್ನೆ ಕೇಳುತ್ತಾನೆ: "ಯಾಕ ತಡ ಆತು?" ಸುಳ್ಳು ಹೇಳುವವರ ಮೂರನೆಯ ಉತ್ತರ ಮೊದಲನೆಯದಕ್ಕೆ ಹೊಂದುವುದಿಲ್ಲವಂತೆ. ನಮ್ಮವ್ವ ಗೋಪಮ್ಮ ಇದಕ್ಕೆಲ್ಲ ಕಿವಿಗೊಡುವುದು ಬಿಟ್ಟು ವರ್ಷಗಳಾದವು. ನನಗೆ ಮಾತ್ರ ಇವತ್ತಿಗೂ ಮೈ ಉರಿಯುತ್ತದೆ.

ಹೀಗಿರುವಾಗ ನನಗೊಂದು ಸಂಬಂಧ ಬಂತು. ಹುಡುಗ ಅನಿಲಕುಮಾರ, ದೇವದುರ್ಗದವನು, ಅಲ್ಲೇ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಅವನು ತಾಯಿಯ ಜೊತೆ ನನ್ನನ್ನು ನೋಡಲು ಬಂದ ದಿನ ಅಪ್ಪ ಬೇಕೆಂದೇ ಮನೆಯಲ್ಲಿರಲಿಲ್ಲ. "ಚೆಕಿಂಗ್‌ನವನ ಮುಖ ಪ್ಯಾಸೆಂಜರಿಗೆ ಮೊದಲ ಕಾಣಬಾರದು" ಎಂದು ಡ್ಯೂಟಿಗೆ ಹೋಗಿಬಿಟ್ಟ. ಸೋದರಮಾವ ಕೂತು ಮಾತಾಡಿದ. ನಾನು ಕಲಸಿದ ಮಂಡಾಳಿಗೆ, ಅಂದರೆ ಮಂಡಕ್ಕಿಗೆ, ಖಾರ ಹೆಚ್ಚಾಗಿತ್ತು. ಕಣ್ಣಲ್ಲಿ ನೀರು ಬಂದರೂ ಅನಿಲಕುಮಾರ "ಚಲೋ ಆಗ್ಯಾದ್ರಿ" ಎಂದು ತಟ್ಟೆ ಖಾಲಿ ಮಾಡಿದ. ಸುತ್ತಿ ಬಳಸಿ ಹೇಳುವುದೇಕೆ, ಮದುವೆಯಾದರೆ ಇವನನ್ನೇ ಆಗಬೇಕು ಅನ್ನಿಸಿತು.

ಅಪ್ಪನಿಗೆ ವಿಚಾರಣೆ ಮಾಡದೆ ಮಗಳನ್ನು ಕೊಡುವುದೆಂದರೆ ಟಿಕೆಟ್ ನೋಡದೆ ಬಸ್ಸು ಬಿಟ್ಟ ಹಾಗೆ. ದೇವದುರ್ಗದ ದಾರಿಯ ಕಂಡಕ್ಟರುಗಳನ್ನೆಲ್ಲ ಕೇಳಿದ. ಹುಡುಗ ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ರಾಯಚೂರಿಗೆ ಹೋಗುತ್ತಾನೆ, ಸಂಜೆ ವಾಪಸ್ಸು ಬರುತ್ತಾನೆ ಎಂದು ತಿಳಿಯಿತು. ಅಷ್ಟೇ ಸಾಕಾಯಿತು.

"ವಾರಾ ವಾರಾ ಒಂದ ಬಸ್ಸು, ಒಂದ ಸೀಟು. ಇಲ್ಲಾ ಇಸ್ಪೀಟು, ಇಲ್ಲಾ ಹೆಂಗಸು" ಎಂದ.

"ಸಂತಿಗೆ ಹೋಗ್ತಿರಬಹುದು ತಗೋ" ಎಂದಳು ಅವ್ವ.

"ಕೈಯಾಗ ಚೀಲ ಇರಂಗಿಲ್ಲಂತ."

ಮುಂದಿನ ಭಾನುವಾರ ಅಪ್ಪ ಅದೇ ಬಸ್ಸಿನಲ್ಲಿ, ಫೋಟೋದಲ್ಲಷ್ಟೇ ಕಂಡಿದ್ದ ಅನಿಲಕುಮಾರನ ಎರಡು ಸೀಟು ಹಿಂದೆ ಕೂತು ರಾಯಚೂರಿನವರೆಗೆ ಹೋದ. ಹುಡುಗ ತೀನ್ ಕಂದೀಲ್ ಚೌಕದ ಹತ್ತಿರದ ಒಂದು ಸಂದಿ ಹೊಕ್ಕು ಮುಕರ್ರಂ ಎಂಬುವವನ ಅಂಗಡಿಗೆ ಹೋದ. ಮುಂದೆ ಫ್ಯಾನು, ಮಿಕ್ಸರ್ ರಿಪೇರಿ. ಹಿಂದೆ ಒಂದು ಹಸಿರು ಪರದೆ. ಪರದೆಯಾಚೆಯಿಂದ ಗುಂಡಿನ ಸಪ್ಪಳ ಬರುತ್ತಿತ್ತು. ಅಪ್ಪ ಅರ್ಧ ಗಂಟೆ ಎದುರಿನ ಚಹಾದ ಅಂಗಡಿಯಲ್ಲಿ ಕೂತು ಬಂದ.

ಎರಡನೆಯ ಭಾನುವಾರ ನಮ್ಮ ಮನೆಯ ಮಿಕ್ಸರ್ ಕಂಕುಳಲ್ಲಿ ಇಟ್ಟುಕೊಂಡು ಹೋದ. ಅದಕ್ಕೇನೂ ಆಗಿರಲಿಲ್ಲ. ಒಳಗಿನ ವೈರನ್ನು ತಾನೇ ಕತ್ತರಿಸಿದ್ದ. ಹೆಸರು ಯಂಕೋಬ ಎಂದು ಬರೆಸಿದ. ಅವ್ವ ಅವತ್ತಿನಿಂದ ಚಟ್ನಿಯನ್ನು ಒಳಕಲ್ಲಿನಲ್ಲಿ ರುಬ್ಬತೊಡಗಿದಳು.

ಪರದೆಯಾಚೆ ನಡೆದದ್ದನ್ನು ಆಮೇಲೆ ಅಪ್ಪನೇ ಹೇಳಿದ. ಅಲ್ಲಿ ಎರಡು ಟಿವಿ, ಅವುಗಳ ಕೆಳಗೆ ಹಳೆಯ ವಿಡಿಯೋ ಗೇಮ್ ಡಬ್ಬಿಗಳು. ಗಂಟೆಯ ಲೆಕ್ಕದಲ್ಲಿ ಆಡಬಹುದು. ಅನಿಲಕುಮಾರ ಜಾಯ್‌ಸ್ಟಿಕ್ ಹಿಡಿದು ಒಬ್ಬನೇ ಕೂತಿದ್ದ. ಟಿವಿಯಲ್ಲಿ ಕವಚ ತೊಟ್ಟ ಸಿಪಾಯಿಯೊಬ್ಬ ಬೇರೆ ಯಾವುದೋ ಲೋಕದ ಸೇತುವೆಯ ಮೇಲೆ ವಿಚಿತ್ರ ವೈರಿಗಳ ಜೊತೆ ಕಾದಾಡುತ್ತಿದ್ದ.

"ಇದು ಇಪ್ಪತ್ತು ವರ್ಷದ ಹಿಂದಿನ ಆಟ ರೀ ಚಾಚಾ" ಎಂದ ಮುಕರ್ರಂ. "ಹೊಸಾವು ರಗಡ ಅದಾವು. ನಮ್ಮ ಮಾಸ್ತರ್ ಸಾಬ್ ಮುಟ್ಟಂಗಿಲ್ಲ. ಇದ ಬೇಕು."

ಅಪ್ಪನ ಸಂಶಯ ಇಮ್ಮಡಿಯಾಯಿತು. ಕಂಡದ್ದನ್ನೇ ಕಾಣಲು ಯಾರಾದರೂ ಅಷ್ಟು ದೂರದಿಂದ ಬರುತ್ತಾರೆಯೇ? ನೇರವಾಗಿ ಕೇಳಿಯೇಬಿಟ್ಟ.

ಅನಿಲಕುಮಾರ ನಕ್ಕ. "ಕಾಕಾ, ಭಾಳ ಆಟದಾಗ ವೈರಿ ನಿಂತಲ್ಲೇ ನಿಂತು ಗುಂಡು ತಿಂತಾನ. ಇದ್ರಾಗಿನವ್ರಿಗೆ ಬುದ್ಧಿ ಅದ. ದೊಡ್ಡಾವ ಬಿದ್ದಾ ಅಂದ್ರ ಸಣ್ಣವ್ರು ಕೈ ಮ್ಯಾಲ ಮಾಡಿ ಓಡ್ತಾರ. ಈ ಸೇತುವಿ ನೂರು ಸಲ ದಾಟೀನಿ, ಒಂದು ಸಲ ಆದಂಗ ಇನ್ನೊಂದು ಸಲ ಆಗಿಲ್ಲ. ಮತ್ತ ಎರಡ ಬಂದೂಕ ನೋಡ್ರಿ. ಮೂರನೇದು ಬೇಕಂದ್ರ ಕೈಯಾಗಿಂದು ಒಂದು ಬಿಡಬೇಕು. ಏನು ಬಿಡಬೇಕು ಅನ್ನೋದ ಆಟ." ಹಾಸ್ಟೆಲಿನಲ್ಲಿದ್ದಾಗ ಗೆಳೆಯ ಪಂಪಾಪತಿಯ ಜೊತೆ ಇಲ್ಲೇ ಆಡುತ್ತಿದ್ದನಂತೆ. ಗೆಳೆಯ ಈಗ ಪುಣೆಯಲ್ಲಿದ್ದಾನೆ. "ಜೋಡಿ ಆಡಿದ್ರ ಇನ್ನೂ ಚಂದ ರೀ. ಬರ್ರಿ, ಕೂಡ್ರಿ."

ಮೂರನೆಯ ಭಾನುವಾರ ಅಪ್ಪ ಕೂತ. ಮೊದಲ ಗುಂಡನ್ನು ಭಾವೀ ಅಳಿಯನ ಬೆನ್ನಿಗೇ ಹೊಡೆದ. ಆ ಆಟದಲ್ಲಿ ಜೋಡಿಯಲ್ಲಿ ಒಬ್ಬ ಬಿದ್ದರೆ, ಇನ್ನೊಬ್ಬ ಕಾಳಗ ಬಿಟ್ಟು ದೂರ ಹೋಗಿ ಸುಮ್ಮನೆ ಅಡಗಬೇಕು. ಆಗ ಬಿದ್ದವನು ಅವನ ಪಕ್ಕದಲ್ಲೇ ಮತ್ತೆ ಎದ್ದು ನಿಲ್ಲುತ್ತಾನೆ. ಇದು ತಿಳಿದದ್ದೇ ಅಪ್ಪನ ತಲೆಯಲ್ಲಿ ದೀಪ ಹತ್ತಿತು. ಸೇತುವೆ ದಾಟಲು ಇನ್ನು ನಾಲ್ಕು ಹೆಜ್ಜೆ ಇದೆ ಎನ್ನುವಾಗ ಬೇಕೆಂದೇ ವೈರಿಗಳ ನಡುವೆ ಹೊಕ್ಕು ಬಿದ್ದ. ಅನಿಲಕುಮಾರ ಗೆಲ್ಲುವ ಆಟ ಬಿಟ್ಟು ಹಿಂದೆ ಓಡಿದ, ಗೋಡೆಯ ಮರೆಯಲ್ಲಿ ಕಾದ, ಇವನನ್ನು ಎಬ್ಬಿಸಿಕೊಂಡ. ಅಪ್ಪ ನಾಲ್ಕು ಸಲ ಬಿದ್ದ. ನಾಲ್ಕು ಸಲವೂ ಅವನು ತಿರುಗಿ ಬಂದ.

ನಡುನಡುವೆ ಅಪ್ಪ ತನ್ನ ಮೂರು ಸಲದ ಪ್ರಶ್ನೆಗಳನ್ನೂ ಬಿಟ್ಟಿರಲಿಲ್ಲ. ಕುಡೀತೀಯಾ? ಇಸ್ಪೀಟು? ಮನಸ್ಸಿನಾಗ ಯಾರರ ಅದಾರಾ? ಕುಡಿಯುವುದಿಲ್ಲ, ಆಡುವುದಿಲ್ಲ, ಮಾನ್ವಿಯಲ್ಲಿ ಒಬ್ಬಳನ್ನು ನೋಡಿ ಬಂದಿದ್ದೇನೆ, ಅವಳೇ ಮನಸ್ಸಿನಲ್ಲಿದ್ದಾಳೆ. ಹೇಗೆ ತಿರುವಿ ಕೇಳಿದರೂ ಅದೇ ಉತ್ತರ.

ಅವತ್ತು ಸಂಜೆ ಮನೆಯಲ್ಲಿ ನಾನು ಸಿಟ್ಟಿನಿಂದ "ಮಿಕ್ಸರ್ ರಿಪೇರಿ ಮಾಡಾಕ ಎಷ್ಟ ವಾರ ಬೇಕು?" ಎಂದಾಗ ಅಪ್ಪ ಎಲ್ಲ ಬಾಯಿ ಬಿಟ್ಟ.

"ಒಂದೂ ಸುಳ್ಳು ಸಿಗಲಿಲ್ಲ ಯವ್ವಾ. ಭಾಳ ಪಕ್ಕಾ ಕಳ್ಳಾ ಇರಬೇಕು."

"ಕಾಮಾಲಿ ಕಣ್ಣಿಗೆ ಕಂಡದ್ದೆಲ್ಲಾ ಹಳದಿ" ಎಂದು ಅವ್ವ ಒಳಗೆ ಹೋದಳು. ನಾನು ಬಾಯಿಗೆ ಬಂದಂತೆ ಬೈದೆ. ಕಳ್ಳನ ಹಾಗೆ ಬೇರೆ ಹೆಸರು ಹೇಳಿ ಕೂತಿದ್ದೀಯಲ್ಲ, ನಾಚಿಕೆಯಾಗಲಿಲ್ಲವೇ ಎಂದೆ. ಅಪ್ಪ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ಅನಿಲಕುಮಾರನ ನಂಬರು ನನ್ನ ಫೋನಿನಲ್ಲೇ ಇತ್ತು. ಅವತ್ತೇ ಹೇಳಿಬಿಡಬಹುದಿತ್ತು.

ಹೇಳಲಿಲ್ಲ. ಶನಿವಾರ ಸಂಜೆ ಅಪ್ಪನ ಅಂಗಿ ಇಸ್ತ್ರಿ ಮಾಡುತ್ತ, "ಹೆಂಗೂ ಹೋಗ್ತಿ. ಮದುವಿ ಆದ ಮ್ಯಾಲ ಹೆಂಡ್ತಿ ಕೆಲಸ ಬಿಡಬೇಕೇನು ಅಂತ ಕೇಳಿ ಬಾ" ಎಂದೆ.

ಅಪ್ಪ ಉತ್ತರ ತಂದ: "ಅಕಿ ಕೆಲಸ ಅಕಿದು, ಬಿಡು ಅನ್ನಾಕ ನಾ ಯಾರು ಕಾಕಾ, ಅಂದ." ನನಗೆ ಹಿಗ್ಗೋ ಹಿಗ್ಗು. ಆದರೂ ಮುಂದಿನ ವಾರ ಇನ್ನೆರಡು ಪ್ರಶ್ನೆ ಕೊಟ್ಟು ಕಳಿಸಿದೆ. ಅವನ ತಾಯಿಯ ಸ್ವಭಾವ ಎಂಥದ್ದು, ಮೊದಲು ಎಷ್ಟು ಹೆಣ್ಣು ನೋಡಿದ್ದ. ಎರಡಕ್ಕೂ ಒಳ್ಳೆಯ ಉತ್ತರವೇ ಬಂತು.

ಐದನೆಯ ಭಾನುವಾರದ ಸಂಜೆ ಅಪ್ಪ "ಹುಡುಗ ಚಿನ್ನ" ಎಂದ. ಅವನ ಬಾಯಿಂದ ಅಂಥ ಮಾತು ನಾನೆಂದೂ ಕೇಳಿರಲಿಲ್ಲ. ಮರುವಾರದ ಗುರುವಾರ ನಿಶ್ಚಯಕ್ಕೆ ದಿನ ಗೊತ್ತಾಯಿತು. ಆಗ ಅವ್ವ ಒಂದೇ ಮಾತು ಕೇಳಿದಳು. "ಅವತ್ತು ಬೀಗರ ಮುಂದ ಯಂಕೋಬ ಕೂಡ್ತಾನೋ, ಮೌನಪ್ಪ ಕೂಡ್ತಾನೋ?"

ಹಾಗಾಗಿ ಆರನೆಯ ಭಾನುವಾರ ನಾನೂ ಅಪ್ಪನ ಜೊತೆ ರಾಯಚೂರಿಗೆ ಹೋದೆ. ಅನಿಲಕುಮಾರ ಆಗಲೇ ಆಟ ಶುರು ಮಾಡಿದ್ದ. ಅಪ್ಪನನ್ನು ಕಂಡು "ಬರ್ರಿ ಕಾಕಾ" ಎಂದು ಪಕ್ಕಕ್ಕೆ ಸರಿದ. ಹಿಂದೆ ನಾನು ಪರದೆ ಸರಿಸಿ ನಿಂತೆ. ಅವನ ಮುಖದ ಮೇಲೆ ಮೊದಲು ಬಂದದ್ದು ಸಂತೋಷ. ಅದನ್ನು ನಾನು ಸರಿಯಾಗಿ ನೋಡಿದ್ದೇನೆ.

"ನಾ ಯಂಕೋಬ ಅಲ್ರಿ. ಮೌನಪ್ಪ. ಇಕಿ ನನ್ನ ಮಗಳು" ಎಂದ ಅಪ್ಪ.

ಟಿವಿಯಲ್ಲಿ ಅವನ ಸಿಪಾಯಿ ಗುಂಡು ತಿಂದು ಬಿದ್ದ. ಅನಿಲಕುಮಾರ ಅತ್ತ ನೋಡಲಿಲ್ಲ. ಅಪ್ಪನನ್ನು ಕೇಳಿದ: "ಹೆಂಡ್ತಿ ಕೆಲಸ ಬಿಡಬೇಕೇನು ಅಂತ ಕೇಳಿದ್ರಲ್ಲ, ಅದು ಯಾರ ಪ್ರಶ್ನಿ?"

"ನಂದ" ಎಂದ ಅಪ್ಪ ತಟ್ಟನೆ. ನನ್ನನ್ನು ಉಳಿಸಲು ಇನ್ನೊಂದು ಸುಳ್ಳು.

"ನಂದು" ಎಂದೆ ನಾನು. "ತಾಯಿ ಬಗ್ಗೆ ಕೇಳಿದ್ದೂ ನಂದ."

ಅವನು ಜಾಯ್‌ಸ್ಟಿಕ್ ಕೆಳಗಿಟ್ಟ. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. "ಈ ಆಟ ಯಾಕ ಆಡ್ತಿ ಅಂತ ಕಾಕಾ ಭಾಳ ಸಲ ಕೇಳಿದ್ರು. ಇದ್ರಾಗ ವೈರಿ ಯಾರು, ಜೋಡಿ ಯಾರು ಅನ್ನೋದು ಮೊದಲ ಗೊತ್ತಿರ್ತದ್ರಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ. ಮುಕರ್ರಂ ನಮ್ಮಿಬ್ಬರ ಮುಖ ನೋಡಿ ಟಿವಿ ಆರಿಸಿದ.

ಗುರುವಾರದ ನಿಶ್ಚಯ ನಿಂತಿತು. ಮುರಿದಿಲ್ಲ, ಮುಂದೆ ಹೋಗಿದೆ ಎಂದು ಅವನ ತಾಯಿ ಹೇಳಿ ಕಳಿಸಿದರು. ನಾನು ಫೋನಿನಲ್ಲಿ ತಪ್ಪಾಯಿತು ಎಂದು ಅತ್ತೆ. ಈಗ ಅವನು ಫೋನ್ ಎತ್ತುತ್ತಾನೆ, ಮೆತ್ತಗೆ ಮಾತಾಡುತ್ತಾನೆ. ಆದರೆ ನಾನು ಊಟ ಆತೇನು ಎಂದು ಕೇಳಿದರೂ ನನ್ನನ್ನೇ ತಿರುಗಿ ಕೇಳುತ್ತಾನೆ.

"ಇದು ನೀವು ಕೇಳಾಕತ್ತೀರೋ, ನಿಮ್ಮ ಅಪ್ಪನೋ?" ಎನ್ನುತ್ತಾನೆ.

"ನಾನ ರೀ" ಎನ್ನುತ್ತೇನೆ. ಅವನು ಹ್ಞೂಂ ಎನ್ನುತ್ತಾನೆ. ಸ್ವಲ್ಪ ಹೊತ್ತು ಬಿಟ್ಟು, ಬೇರೆ ಮಾತಿನ ನಡುವೆ, ಅದೇ ಪ್ರಶ್ನೆಯನ್ನು ಇನ್ನೊಂದು ಸಲ ಕೇಳುತ್ತಾನೆ.